ಹಣಿಗೆ ಮೀಸೆಯ ಹುಳ

ಖಾರ ಕುಟ್ಟುತ್ತಿದ್ದೆ. ಒಣಮೆಣಸಿನಕಾಯಿಯ ಘಾಟು ನೆತ್ತಿಗೇರಿ ಕಣ್ಣೂ ಮೂಗೂ ಸುರಿಯುತ್ತಿದ್ದವು. ಆ ಹೊತ್ತಿಗೆ ಪಡಸಾಲೆಯಲ್ಲಿ ನನ್ನ ಗಂಡನ ಕಾಕಾ, ಅಂದರೆ ತೀರಿಹೋದ ನನ್ನ ಮಾವನ ತಮ್ಮ, ನನ್ನ ಅತ್ತೆಗೆ ಹೇಳಿದ್ದು ಒಳಗಿನವರೆಗೂ ಕೇಳಿಸಿತು.

"ಕೊಣ್ಣೂರಿಗೆ ಆಳು ಕಳಿಸೀನಿ ವೈನಿ. ವೀಳ್ಯ ತಿರುಗಿ ಕೊಟ್ಟ ಬಾ ಅಂದೀನಿ. ಆ ಮನಿ ಹೆಣ್ಣು ನನ್ನ ಮಗಗ ಬ್ಯಾಡ."

ಆ ಹೆಣ್ಣು ನನ್ನ ತಂಗಿ. ಬಸವಜಯಂತಿಯ ಮುಂದೆ ಮಾತು ಮುಗಿದು, ದೀಪಾವಳಿ ಆದ ಮೇಲೆ ಲಗ್ನ ಎಂದು ಗೊತ್ತಾಗಿತ್ತು. ಕೊಣ್ಣೂರಿನ ಓಣಿಯಲ್ಲಿ ನಮ್ಮವ್ವ ಆಗಲೇ ಹತ್ತು ಮನೆಗೆ ಹೇಳಿ ಬಂದಿದ್ದಳು. ಗೊತ್ತಾದ ಲಗ್ನ ಮುರಿದ ಹುಡುಗಿಯನ್ನು ಆ ಕಾಲದಲ್ಲಿ ಯಾರು ಕೇಳುತ್ತಿದ್ದರು? ಕೇಳಿದರೂ ಎರಡನೆಯ ಸಂಬಂಧದವನು ಕೇಳಬೇಕು.

ಒನಕೆ ನಿಲ್ಲಿಸಲಿಲ್ಲ. ಮೆಣಸಿನಕಾಯಿ ಇದ್ದದ್ದರಿಂದ ನನ್ನ ಕಣ್ಣೀರಿಗೆ ಯಾರೂ ಕಾರಣ ಕೇಳಲಿಲ್ಲ. ಶಿವ ದಿನಕ್ಕೊಂದು ಸಣ್ಣ ದಯೆ ತೋರಿಸುತ್ತಾನೆ, ನೋಡುವ ಕಣ್ಣು ಬೇಕು ಅಷ್ಟೇ. ಅಂದಿನದು ಅದು.

ಕಾರಣ ಇಷ್ಟು. ರೋಣದ ನಮ್ಮ ಮನೆಯಲ್ಲಿ ಹಿಂಗಾರಿ ಬಿತ್ತನೆಗೆಂದು ಕಡಲೆ ಬೀಜವನ್ನು ಏಳು ದೊಡ್ಡ ಗಡಿಗೆಗಳಲ್ಲಿ ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಸೊಸೆ ಪಂಚಮಿಗೆ ತವರಿಗೆ ಹೋಗಿ ಬಂದರೆ, ಅವಳ ಉಡಿಯಲ್ಲಿ ಬಂದ ಕಾಳಿನಿಂದ ಒಂದು ಹಿಡಿ ತೆಗೆದು ಮೊದಲನೆಯ ಗಡಿಗೆಗೆ ಹಾಕುವುದು ಆ ಮನೆಯ ಪದ್ಧತಿ. ತವರಿನ ಕಾಳು ಗಂಡನ ಮನೆಯ ಬೀಜದಲ್ಲಿ ಬೆರೆತರೆ ಸೊಸೆಯ ಕಾಲು ನಿಲ್ಲುತ್ತದೆ ಎಂದು ಅತ್ತೆಯ ನಂಬಿಕೆ. ಆ ವರ್ಷ, ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾದ ಮರುವರ್ಷ, ನನ್ನ ಉಡಿಯಲ್ಲಿ ಬಂದದ್ದು ಹೆಸರುಕಾಳು. ಅತ್ತೆಯೇ ಮೆತ್ತಿದ್ದ ಸಗಣಿ ಒಡೆದು, ತಮ್ಮ ಕೈಯಿಂದಲೇ ಹಿಡಿ ಹಾಕಿ, ಮತ್ತೆ ಮೆತ್ತಿದ್ದರು. ಭಾದ್ರಪದ ಹಿಡಿಯುವ ಹೊತ್ತಿಗೆ ಬೀಜ ನೋಡಲೆಂದು ತೆರೆದರೆ ಏಳೂ ಗಡಿಗೆಗಳಲ್ಲಿ ನುಸಿ. ಕಾಳಿಗೊಂದು ತೂತು. ಕೈ ಹಾಕಿದರೆ ಬೆರಳ ಸಂದಿಯಲ್ಲಿ ಹುಳ ಹರಿದಾಡುತ್ತಿದ್ದವು.

ಕಾಕಾ ಅಂದೇ ತೀರ್ಪು ಕೊಟ್ಟರು. ಈ ಮನುಷ್ಯನ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ, ಸತ್ತವರ ಬಗ್ಗೆ ಆಡಬಾರದು ಎನ್ನುವವರು ಕಿವಿ ಮುಚ್ಚಿಕೊಳ್ಳಲಿ. ಹೊಲಕ್ಕೆ ಹೋದರೆ ಬಿಸಿಲು ಎನ್ನುತ್ತಿದ್ದರು, ಮನೆಯಲ್ಲಿದ್ದರೆ ಸೆಕೆ ಎನ್ನುತ್ತಿದ್ದರು. ಬೆಳಗಿನ ಸ್ನಾನ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ನಾಳೆಗೆ. ಪೇಟೆಯಲ್ಲಿ ದಲಾಲರ ಅಂಗಡಿಯ ಗಾದಿಯ ಮೇಲೆ ಕುಳಿತು ಅಡಿಕೆ ಕತ್ತರಿಸುವುದೇ ಅವರ ಉದ್ಯೋಗ. ಆದರೂ ಮನೆಯ ದೊಡ್ಡ ಗಂಡಸು ಅವರೇ ಆದ್ದರಿಂದ ಅವರ ಮಾತಿಗೆ ತೂಕ ಇತ್ತು. ತೂಕದ ಕಲ್ಲು ಪೊಳ್ಳಾದರೂ ತಕ್ಕಡಿ ಬಗ್ಗುತ್ತಿತ್ತು.

"ಒಂದ ಹಿಡಿ ಕಾಳು ಬಂದದ್ದಕ್ಕ ಏಳ ಗಡಿಗಿ ಹಾಳಾತು," ಎಂದರು. "ಅದ ಮನಿಯಿಂದ ಇನ್ನೊಬ್ಬಾಕಿ ಬಂದ್ರ ಕಂಬ ಉಳಿತಾವೇನ?"

ಅತ್ತೆ ಹೇಳಿ ನೋಡಿದರು: "ಹಿಡಿ ಹಾಕಿದ್ದು ನಾನಪಾ."

"ಕೈ ನಿಮ್ಮದು ವೈನಿ, ಕಾಳು ಅವರದು. ಹುಳಾ ಹಿಡಿದ ಕಾಳು ಕೊಡೋ ಮನಿ ಜೋಡಿ ಬೀಗತನ ನಮಗ ಬ್ಯಾಡ. ಇದು ಮನಿತನದ ಮಾತು."

ಒಳಗಿನ ಗುಟ್ಟು ನನಗೆ ಗೊತ್ತಿತ್ತು. ಗಜೇಂದ್ರಗಡದ ಒಬ್ಬ ಕಾಳಿನ ವ್ಯಾಪಾರಿ ತನ್ನ ಮಗಳನ್ನು ಕೊಡುವ ಮಾತು ಎತ್ತಿದ್ದ. ಮೂರಂಕಣದ ಅಂಗಡಿ, ಎರಡು ಜೋಡಿ ಎತ್ತು. ಕೊಣ್ಣೂರಿನ ನಮ್ಮಪ್ಪನ ಹತ್ತಿರ ಇದ್ದದ್ದು ಹೊಳೆ ಬಂದಾಗಲೆಲ್ಲ ಮುಳುಗುವ ಒಂದು ತುಂಡು ಹೊಲ. ಕಾಕಾನಿಗೆ ಒಂದು ನೆವ ಬೇಕಿತ್ತು. ಹುಳ ನೆವವಾಯಿತು.

ಅಂದು ಸಂಜೆ ನನ್ನ ಕೋಣೆಯಲ್ಲಿದ್ದ ಡಬ್ಬಿ ತೆಗೆದೆ. ಉಡಿಯ ಹೆಸರುಕಾಳಿನಲ್ಲಿ ಉಳಿದದ್ದನ್ನು ಅದರಲ್ಲಿ ಇಟ್ಟಿದ್ದೆ. ಮುಚ್ಚಳ ತೆಗೆದೆ. ಅದರಲ್ಲಿಯೂ ಹುಳ. ಹಾಗಾದರೆ ಕಾಕಾ ಅಂದದ್ದು ಖರೆಯೇ ಎಂದು ಮುಚ್ಚಳ ಮತ್ತೆ ಒತ್ತಿಬಿಟ್ಟೆ. ಆಮೇಲೆ ಅಂಗೈ ಮೇಲೆ ಸುರಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಏನೋ ಬೇರೆ ಅನಿಸಿತು. ಗಡಿಗೆಯಿಂದ ನಾಲ್ಕು ಹುಳ ತಂದು ಪಕ್ಕದಲ್ಲಿ ಬಿಟ್ಟೆ.

ಗಡಿಗೆಯವು ಗಿಡ್ಡ, ದುಂಡಗೆ, ಕಂದು ಬಣ್ಣ. ಕುತ್ತಿಗೆಯ ಹಿಂದೆ ವಿಭೂತಿಯಿಂದ ಇಟ್ಟ ಹಾಗೆ ಎರಡು ಬಿಳಿ ಚುಕ್ಕೆ. ಡಬ್ಬಿಯವು ತುಸು ಉದ್ದ, ಬೆನ್ನಿನ ಮೇಲೆ ಕಪ್ಪು ಮಚ್ಚೆ, ವಿಭೂತಿ ಇಲ್ಲ. ಅತ್ತೆ ಜಳಕಕ್ಕೆ ಹೋದಾಗ ಅವರ ಚಾಳೀಸು, ಮೂಗಿನ ನಡುವೆ ಮಡಚುವ ಹಳೆಯ ಕನ್ನಡಕ, ಕದ್ದು ತಂದೆ. ಅದರ ಎರಡೂ ಗಾಜುಗಳನ್ನು ಮಡಿಸಿ ಒಂದರ ಮೇಲೊಂದು ಹಿಡಿದರೆ ಸಾಸಿವೆ ಕಾಳು ಬಟಾಣಿಯಷ್ಟು ಕಾಣುತ್ತದೆ. ಗಡಿಗೆಯ ಹುಳಗಳಲ್ಲಿ ಕೆಲವಕ್ಕೆ ಮೀಸೆಯಲ್ಲಿ ಹಲ್ಲು ಹಲ್ಲು, ತಲೆ ಬಾಚುವ ಹಣಿಗೆಯ ಹಾಗೆ. ಡಬ್ಬಿಯಲ್ಲಿ ಅಂಥ ಹಣಿಗೆ ಒಂದಕ್ಕೂ ಇಲ್ಲ.

ಹುಟ್ಟಿದಾಗಿನಿಂದ ಕಾಳು ಹಸನು ಮಾಡುತ್ತ ಬಂದವಳು ನಾನು. ಮೊರದಲ್ಲಿ ಕೇರಿ ಎಷ್ಟು ಸಾವಿರ ನುಸಿ ಚೆಲ್ಲಿದ್ದೇನೋ, ಒಂದನ್ನೂ ಕಣ್ಣು ತೆರೆದು ನೋಡಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ನನ್ನ ಗಂಡನಿಗೆ ಹೇಳಿದೆ. ಅವರು ನಕ್ಕರು. "ಮನಷ್ಯಾರ ಜಾತಿನ ಸಾಕಾಗೇತಿ ನನಗ. ನೀ ಈಗ ನುಸಿ ಜಾತಿ ಹುಡಕಾಕ ಕುಂತಿ?"

"ತಂಗಿ ಬಾಳೇವು ಐತ್ರಿ ಇದರಾಗ," ಎಂದೆ.

ನಗೆ ನಿಂತಿತು. ಒಳ್ಳೆಯ ಮನುಷ್ಯ. ಕಾಕಾನ ಎದುರು ಬಾಯಿ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಆಗ ಹತ್ತಿಗೆ ಬಿದ್ದ ಕಾಯಿಕೊರಕ ಹುಳ ನೋಡಲು ಸರಕಾರದಿಂದ ಒಬ್ಬ ಅಧಿಕಾರಿ ಬಂದು ರೋಣದ ಬಂಗಲೆಯಲ್ಲಿ ಇಳಿದಿದ್ದರು. ಊರವರು ಅವರನ್ನು ಹುಳದ ಸಾಹೇಬ ಎನ್ನುತ್ತಿದ್ದರು. ಇವರು ಹೋಗಿ ಕರೆದುಕೊಂಡು ಬಂದರು.

ಸಾಹೇಬನಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಷರಾಯಿಯ ಇಸ್ತ್ರಿ ಮುರಿಯದ ಹಾಗೆ ಕುಳಿತುಕೊಳ್ಳುವುದರಲ್ಲಿಯೇ ಅರ್ಧ ಆಯುಷ್ಯ ಹೋಗಿರಬೇಕು. ಬಗಲ ಚೀಲದಲ್ಲಿ ಹಿಡಿಕೆಯ ಭೂತಗನ್ನಡಿ. ನಾನು ಒಗ್ಗರಣೆ ಅವಲಕ್ಕಿಯ ತಾಟು ಇಟ್ಟು ಬಾಗಿಲ ಹಿಂದೆ ನಿಂತೆ. ತಾಟು ಎಲ್ಲಿಂದ ಬಂತೆಂದು ಆತ ಕತ್ತೆತ್ತಿ ನೋಡಲಿಲ್ಲ. ಎರಡು ತುತ್ತು ತಿಂದು, ಗಡಿಗೆಯ ಹುಳ ಒಂದಿಷ್ಟು ಡಬ್ಬಿಯ ಹುಳ ಒಂದಿಷ್ಟು ನೋಡಿ, ಬಾಯಿ ಒರೆಸಿಕೊಂಡು ಹೇಳಿದ:

"ಎರಡೂ ಒಂದ ಜಾತಿರಿ. ಹಣಿಗಿ ಮೀಸಿ ಇದ್ದದ್ದು ಗಂಡು, ಇಲ್ಲದ್ದು ಹೆಣ್ಣು. ಅಷ್ಟ ಫರಕು."

ಕಾಕಾ ತೊಡೆ ತಟ್ಟಿದರು. "ನೋಡ್ರಿ ವೈನಿ! ಕಲ್ತವರು ಹೇಳಿದ್ರು."

ಮನೆಗೆ ಬಂದ ಗಂಡಸಿನ ಎದುರು ನಾನು ಆವರೆಗೆ ಮಾತಾಡಿದವಳಲ್ಲ. ಸೆರಗು ಹಣೆಯವರೆಗೆ ಎಳೆದುಕೊಂಡೆ. ಶಿವನ ಹೆಸರು ಒಮ್ಮೆ ಅಂದೆ. ಬಾಗಿಲ ಹಿಂದಿನಿಂದಲೇ ಕೇಳಿದೆ:

"ಹಂಗಾರ ನಮ್ಮ ತವರಮನಿ ಡಬ್ಬಿಯಾಗಿದ್ದಾವು ಎಲ್ಲಾ ಹೆಂಗಸರ ಏನ್ರಿ ಸಾಹೇಬ್ರ? ಹಣಿಗಿ ಒಂದಕ್ಕೂ ಇಲ್ಲ. ಬರೇ ಹೆಣ್ಣ ಇದ್ರ ಈಸೊಂದ ಮರಿ ಹ್ಯಾಂಗ ಆದ್ವು?"

ಸಾಹೇಬನ ಕೈಯಲ್ಲಿದ್ದ ಅವಲಕ್ಕಿ ಷರಾಯಿಯ ಇಸ್ತ್ರಿಯ ಮೇಲೆ ಬಿತ್ತು. ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲ, ನಗೆ ಎಂದು ಆರು ವರ್ಷ ಬಾಳಿದ ಸೊಸೆಗೆ ಗೊತ್ತಿರುತ್ತದೆ.

ಆತ ಮತ್ತೆ ಭೂತಗನ್ನಡಿ ಹಿಡಿದ. ಈ ಸಲ ಡಬ್ಬಿಯನ್ನೇ ಪೂರಾ ಸುರಿದು ಬಹಳ ಹೊತ್ತು ನೋಡಿದ. ಹಣಿಗೆ ಸಿಗಲಿಲ್ಲ. ಜೋಡಿ ಕೂಡಿದ ಹುಳಗಳು ಸಿಕ್ಕವು. ಎರಡಕ್ಕೂ ಸಾದಾ ಮೀಸೆ. "ಇಲ್ಲೆ ಬ್ಯಾರೆ ಗಂಡ ಐತಿ..." ಎಂದು ಗೊಣಗಿದ.

ಕಾಕಾ ಸೋಲುವ ಗಂಡಸಲ್ಲ. "ಸಾಹೇಬ್ರ, ಅದು ಉಣಿಸಿನ ಗುಣ. ಹೆಸರು ತಿಂದಾಗ ಹಣಿಗಿ ಇರಂಗಿಲ್ಲ. ಕಡಲಿ ತಿಂದು ಕಸುವು ಬಂದ ಮ್ಯಾಲೆ ಹಣಿಗಿ ಬರತೈತಿ."

ಓದಿದವನು ಇದನ್ನು ಕೇಳಿ ನಗುತ್ತಾನೆ ಎಂದುಕೊಂಡೆ. ಆತ ತಲೆಯಾಡಿಸಿದ. "ಹಂಗೂ ಇರಬಹುದು. ಉಣಿಸು ಬದಲಾದ್ರ ಮೈ ಬಣ್ಣ ತುಸು ಬದಲಾಗೂದು ಐತಿ."

ಇಂಥವರಿಗೆ ಸರಕಾರ ಸಂಬಳ ಕೊಡುತ್ತದೆ. ನಮ್ಮ ಮನೆಯ ಎಮ್ಮೆ ಹಿಂಡಿ ಬದಲಿಸಿದ ಮಾತ್ರಕ್ಕೆ ಹಸು ಆಗಿದ್ದನ್ನು ನಾನಂತೂ ಕಂಡಿಲ್ಲ.

ಹೋಗುವ ಮುಂದೆ ಆತ ಒಂದು ಮಾತು ಹೇಳಿದ. ನನಗಲ್ಲ, ಇವರಿಗೆ, ನಾನು ಕೇಳಿದ ಪ್ರಶ್ನೆಗೆ ಉತ್ತರವನ್ನು ನನ್ನ ಗಂಡನಿಗೆ ಕೊಟ್ಟ. ಪ್ರತಿ ಜೀವದ ಮೈಯಲ್ಲಿ ತಂದೆತಾಯಿಯ ಗುಣವನ್ನು ಮಕ್ಕಳಿಗೆ ಒಯ್ಯುವ ಸಣ್ಣ ಎಳೆಗಳಿರುತ್ತವೆ. ಕುಲ ಒಂದೇ ಆದರೆ ತಂದೆಯ ಎಳೆಗೆ ತಾಯಿಯ ಎಳೆ ಹೊಂದಿ ಸಂತಾನ ಆಗುತ್ತದೆ. ಕುಲ ಬೇರೆಯಾದರೆ, ಎಷ್ಟೇ ಹೋಲಿಕೆ ಇರಲಿ, ಹೊಂದುವುದಿಲ್ಲ. ಎರಡನ್ನೂ ಒಂದು ಬಾಟಲಿಯಲ್ಲಿ ಕೂಡಿಹಾಕಿ ಸಂತಾನ ಆಗುತ್ತದೋ ನೋಡಬೇಕು. "ನಾ ಕೆಲವೊಂದು ಹುಳಾ ಒಯ್ದು ದೊಡ್ಡ ಯಂತ್ರದಾಗ ಎಳಿ ಎಣಿಸಿ ನೋಡತೀನಿ," ಎಂದು ಎರಡು ಸೀಸೆಯಲ್ಲಿ ಹುಳ ತುಂಬಿಕೊಂಡು ಹೋದ. ತಾಟಿನಲ್ಲಿ ಅವಲಕ್ಕಿ ಉಳಿದಿರಲಿಲ್ಲ, ಅದನ್ನೂ ಹೇಳಬೇಕು.

ದವಾಖಾನೆಯ ಔಷಧದ ಬಾಟಲಿಗಳು ಮನೆಯಲ್ಲಿದ್ದವು. ಬೂದಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದು ಒಣಗಿಸಿದೆ. ಪಕ್ಕದ ಮನೆಯಿಂದ ತೂತಿಲ್ಲದ ಕಡಲೆ ತಂದು ಹಾಕಿದೆ. ಒಂದರಲ್ಲಿ ಗಡಿಗೆಯ ಹಣಿಗೆ ಮೀಸೆಯ ಗಂಡು, ಡಬ್ಬಿಯ ಹೆಣ್ಣು. ಇನ್ನೊಂದರಲ್ಲಿ ಅದಕ್ಕೆ ಅದಲುಬದಲು. ಹೆಣ್ಣು ಯಾವುದೆಂದು ಹೇಗೆ ಗೊತ್ತಾಯಿತು ಎಂದು ಕೇಳುವವರಿಗೆ: ಕಾಳಿನ ಮೇಲೆ ಕುಳಿತು ತತ್ತಿ ಅಂಟಿಸುವುದು ಗಂಡಲ್ಲ. ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ ದೇವರ ಕೋಣೆಯ ಮೂಲೆಯಲ್ಲಿಟ್ಟೆ. ಜಳಕವಿಲ್ಲದೆ ಅಲ್ಲಿ ಯಾರೂ ಕಾಲಿಡುವಂತಿರಲಿಲ್ಲ. ಕಾಕಾನಿಂದ ಬಾಟಲಿ ಉಳಿಸಲು ಅದಕ್ಕಿಂತ ಗಟ್ಟಿ ಕೀಲಿ ಇರಲಿಲ್ಲ. ಹುಳಗಳ ಲಗ್ನವನ್ನು ಲಿಂಗಪೂಜೆಯ ಮಗ್ಗುಲಲ್ಲಿ ಮಾಡಿದ್ದಕ್ಕೆ ಶಿವ ಸಿಟ್ಟಾಗಲಿಲ್ಲ. ಅವನೂ ಪೇಚಾಟದ ಲಗ್ನ ಮಾಡಿಕೊಂಡವನೇ.

ತತ್ತಿ ಮೊದಲು ಗಾಜಿನ ಹನಿಯ ಹಾಗೆ ಕಾಳಿನ ಮೇಲೆ ಅಂಟಿರುತ್ತದೆ, ಒಳಗಿನ ಕಾಳು ಕಾಣುತ್ತದೆ. ಮರಿ ಒಡೆದು ಕಾಳಿನೊಳಗೆ ಕೊರೆದುಕೊಂಡು ಹೋದರೆ ಆ ಹನಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ಚಾಳೀಸು ಹೇಳಿಕೊಟ್ಟಿತು.

ಎಂಟು ದಿನಕ್ಕೆ ಎರಡೂ ಬಾಟಲಿಗಳಲ್ಲಿ ತತ್ತಿ ಬೆಳ್ಳಗಾದವು.

ಎಂದರೆ ಮರಿ ಆದವು, ಕುಲ ಒಂದೇ. ಅತ್ತೆ ಪೂಜೆಗೆ ಕುಳಿತಾಗ ನೋಡಿ ಬಾಯಿಬಿಟ್ಟರು, ಕಾಕಾನಿಗೆ ತಿಳಿಯಿತು. ಕೊಣ್ಣೂರಿನಿಂದ ಆಳು ಅದೇ ವಾರ ತಿರುಗಿ ಬಂದಿದ್ದ. ವೀಳ್ಯವನ್ನು ನಮ್ಮಪ್ಪ ಇಸಿದುಕೊಂಡನಂತೆ, ತಂಗಿ ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳಂತೆ. ಕಾಕಾ ಎಲೆ ಅಗಿಯುತ್ತ, "ಕುಲ ಒಂದ ಅಂತ ಹುಳಾನ ಹೇಳಿದ್ವು. ಇನ್ನೇನ ಬೇಕವಾ ನಿನಗ?" ಎಂದರು.

ಮೂರು ದಿನ ಬಾಟಲಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಕಡಲೆ ಹಸನು ಮಾಡುತ್ತಿದ್ದೆ. ಒಂದು ಕಾಳಿನ ಸಿಪ್ಪೆಯ ಮೇಲೆ ತೆಳ್ಳನೆಯ ದುಂಡು ಕಿಟಕಿ ಮೂಡಿತ್ತು. ಒಳಗಿನ ಹುಳ ತೂತು ಕೊರೆದು ಇನ್ನೂ ತಲೆ ಹೊರಗೆ ಹಾಕಿರಲಿಲ್ಲ. ಅದನ್ನು ನೋಡುತ್ತ ನೋಡುತ್ತ ನನ್ನ ದಡ್ಡತನ ನನಗೇ ತಿಳಿಯಿತು. ಗಡಿಗೆಯಿಂದ, ಡಬ್ಬಿಯಿಂದ ನಾನು ಎತ್ತಿ ಹಾಕಿದ ಹೆಣ್ಣುಗಳು ಆಗಲೇ ತಮ್ಮ ಕುಲದ ಗಂಡಿನ ಜೊತೆ ಕೂಡಿ ಬಂದಿದ್ದವು. ಆಮೇಲೆ ಬಾಟಲಿಯಲ್ಲಿ ಯಾರನ್ನು ಇಟ್ಟರೂ ಏನು, ತತ್ತಿಯ ತಂದೆ ಹಿಂದೆಯೇ ಉಳಿದಿದ್ದ. ಐದನೆಯ ಇಯತ್ತೆ ಓದಿದ ನನಗೆ ಹೊಳೆಯದಿದ್ದರೆ ಇರಲಿ. ಭೂತಗನ್ನಡಿಯ ಸಾಹೇಬ ಅದೊಂದು ಮಾತು ಹೇಳಬಾರದಿತ್ತೆ? ಹೆಂಗಸಿನ ಎದುರು ಹೇಳಲು ನಾಚಿಕೆಯಾಯಿತೋ, ಅವನಿಗೇ ಹೊಳೆಯಲಿಲ್ಲವೋ. ಎರಡನೆಯದೇ ಎಂದು ನನ್ನ ಎಣಿಕೆ.

ಈ ಸಲ ಕಿಟಕಿ ಮೂಡಿದ, ಇನ್ನೂ ಒಡೆಯದ ಕಾಳುಗಳನ್ನೇ ಆರಿಸಿದೆ. ಗಡಿಗೆಯವು ಬೇರೆ, ಡಬ್ಬಿಯವು ಬೇರೆ. ಒಂದೊಂದು ಕಾಳನ್ನೂ ಒಂದೊಂದು ಅರಿವೆ ಚೂರಿನಲ್ಲಿ ಗಂಟು ಕಟ್ಟಿ, ಗಂಟುಗಳನ್ನು ಸಾಲಾಗಿ ಗೂಟಕ್ಕೆ ತೂಗುಹಾಕಿದೆ. ಒಳಗೆ ಹುಟ್ಟಿದ ಹುಳ ಇನ್ನೊಂದು ಹುಳದ ಮುಖ ನೋಡದ ಹಾಗೆ. ನೋಡಿದ ಓಣಿಯ ಹೆಂಗಸರು ಯಾವ ದೇವರ ಹರಕೆ ಎಂದು ಕೇಳಿದರು. ತಂಗಿಯ ಲಗ್ನದ್ದು ಎಂದೆ. ಸುಳ್ಳಲ್ಲ.

ಹೊರಬಂದ ಹುಳಗಳನ್ನು ನಾಲ್ಕು ಬಾಟಲಿಗೆ ಹಾಕಿದೆ. ನಾಲ್ಕರಲ್ಲಿಯೂ ಕಡಲೆಯೇ. ಡಬ್ಬಿಯವುಗಳಲ್ಲಿ ತುಸು ದೊಡ್ಡದು, ಬಾಲದ ತುದಿಯ ಎರಡೂ ಬದಿ ಕಪ್ಪಗಿದ್ದದ್ದು ಹೆಣ್ಣೆಂದು ಮೊದಲಿನ ಬಾಟಲಿಯಲ್ಲಿ ತತ್ತಿ ಇಡುವಾಗಲೇ ನೋಡಿಕೊಂಡಿದ್ದೆ. ಡಬ್ಬಿಯ ಗಂಡಿಗೆ ಡಬ್ಬಿಯ ಹೆಣ್ಣು. ಗಡಿಗೆಯ ಗಂಡಿಗೆ ಗಡಿಗೆಯ ಹೆಣ್ಣು. ಉಳಿದ ಎರಡರಲ್ಲಿ ಅದಲುಬದಲು.

ಹತ್ತು ದಿನಕ್ಕೆ ಮೊದಲಿನ ಎರಡು ಬಾಟಲಿಗಳಲ್ಲಿ ತತ್ತಿಗಳು ವಿಭೂತಿಯಂತೆ ಬಿಳುಪು. ಅದಲುಬದಲು ಮಾಡಿದ ಎರಡರಲ್ಲಿ ತತ್ತಿ ಇದ್ದವು, ಆದರೆ ಗಾಜಿನ ಹನಿ ಗಾಜಿನ ಹನಿಯಾಗಿಯೇ ಉಳಿಯಿತು. ಇನ್ನೂ ಹತ್ತು ದಿನ ಕಾದೆ. ಕೆಲವು ಸುಕ್ಕಾಗಿ ಉದುರಿದವು. ಒಂದು ಮರಿಯೂ ಇಲ್ಲ. ತಿಂಗಳು ದಾಟಿ ಮೊದಲನೆಯ ಬಾಟಲಿಯಿಂದ ನನ್ನ ತವರಿನ ಹುಳದ ಮಕ್ಕಳು ಹೊರಬಂದವು. ಹುಟ್ಟಿದಾಗಿನಿಂದ ಕಡಲೆ ತಿಂದೇ ಬೆಳೆದವು. ಒಂದಕ್ಕೂ ಹಣಿಗೆ ಇಲ್ಲ, ಒಂದಕ್ಕೂ ವಿಭೂತಿ ಇಲ್ಲ. ಕಾಕಾನ ಉಣಿಸಿನ ಗುಣ ಬಾಟಲಿಯಲ್ಲಿಯೇ ಸತ್ತಿತು.

ಅತ್ತೆಯನ್ನು ಕರೆದು ಅವರ ಚಾಳೀಸು ಅವರ ಕೈಗೇ ಕೊಟ್ಟೆ. ಆಮೇಲೆ ಏಳೂ ಗಡಿಗೆಗಳಿಂದ ಒಂದೊಂದು ಬೊಗಸೆ ತೆಗೆದು ಅವರ ಮುಂದೆ ಸುರಿದೆ. ಹಿಡಿ ಹಾಕಿದ್ದ ಮೊದಲನೆಯ ಗಡಿಗೆಯಲ್ಲಿ ನಮ್ಮವು ಹತ್ತಿಪ್ಪತ್ತು ಇದ್ದವು, ಇಲ್ಲವೆನ್ನುವುದಿಲ್ಲ. ಉಳಿದ ಆರರಲ್ಲಿ ನಮ್ಮದು ಒಂದೂ ಇರಲಿಲ್ಲ, ಎಲ್ಲ ವಿಭೂತಿಯವು. ಅತ್ತೆ ಬಹಳ ಹೊತ್ತು ನೋಡಿದರು.

"ಮತ್ತ ಇವು ಎಲ್ಲಿಂದ ಬಂದ್ವು ಯವ್ವಾ?"

"ನನಗೇನ ಗೊತ್ರಿ ಅತ್ತಿ. ನನ್ನ ಉಡಿಯಾಗಿಂದ ಅಲ್ಲ, ಅಷ್ಟ ಗೊತ್ತು."

ಗೊತ್ತಾಗಲು ದೀಪಾವಳಿ ಬರಬೇಕಾಯಿತು. ಪಣತಿಯ ಬುಟ್ಟಿ ಇಳಿಸಲು ಅಟ್ಟ ಹತ್ತಿದೆ. ಬುಟ್ಟಿಯ ಹಿಂದೆ ಮೂರು ಖಾಲಿ ಚೀಲ ಮಡಚಿ ತುರುಕಿದ್ದವು. ಕೊಡವಿದರೆ ಮೂಲೆಯಲ್ಲಿ ಒಂದು ಹಿಡಿ ತೂತು ಕಡಲೆ, ಅದರ ನಡುವೆ ಹಣಿಗೆ ಮೀಸೆಯ ಹುಳಗಳು, ಸತ್ತವು ಕೆಲವು ಜೀವ ಇದ್ದವು ಕೆಲವು. ಚೀಲದ ಮೇಲೆ ಗಜೇಂದ್ರಗಡದ ವ್ಯಾಪಾರಿಯ ಗುರುತು. ಹೌದು, ಮಗಳನ್ನು ಕೊಡುವ ಮಾತೆತ್ತಿದ ಅದೇ ವ್ಯಾಪಾರಿ.

ಅತ್ತೆ ನಮ್ಮ ಹೊಲದ ಕಡಲೆ ಎಂದು ನಂಬಿ ಬೂದಿ ಬೆರೆಸಿದ್ದರಲ್ಲ, ಅದು ನಮ್ಮ ಹೊಲದ್ದಾಗಿರಲಿಲ್ಲ. ನಮ್ಮ ಒಳ್ಳೆಯ ಬೀಜವನ್ನು ಕಾಕಾ ರೋಣದ ಪೇಟೆಗೆ ಸಾಗಿಸಿ, ಗಡಿಗೆ ತುಂಬಲು ಈ ಚೀಲ ತಂದಿದ್ದರು ಎಂದು ಪೇಟೆಯವರೇ ಆಮೇಲೆ ಹೇಳಿದರು. ಬಿತ್ತುವ ಬೀಜ ಮಾರಿದವನನ್ನು ನಮ್ಮ ಕಡೆ ಯಾವ ಹೆಸರಿನಿಂದ ಕರೆಯುತ್ತಾರೋ ಅದನ್ನು ಇಲ್ಲಿ ಬರೆಯಲಾರೆ, ಹಣೆಯ ಮೇಲೆ ವಿಭೂತಿ ಇದೆ.

ಚೀಲವನ್ನು ಅತ್ತೆಯ ಮುಂದೆ ಹಾಸಿ ಪಣತಿ ತೊಳೆಯಲು ಹೋದೆ. ಸಂಜೆ ಕಾಕಾ ಪೇಟೆಯಿಂದ ಬಂದಾಗ ಅತ್ತೆ ಚಾಳೀಸು ಹಾಕಿಕೊಂಡು ಚೀಲದ ಮುಂದೆಯೇ ಕುಳಿತಿದ್ದರು.

"ಇದ ಯಾವೂರ ಚೀಲಪಾ?"

"ಅದು... ನಮ್ಮ ಕಡಲಿ ತುಸು ಕಮ್ಮಿ ಬಿದ್ದಿತ್ತು ವೈನಿ. ತುಂಬಸಾಕ ತಂದಿದ್ದೆ."

"ಹೌದಾ? ಹಂಗಾರ ಒಂದ ಮಾತು ಹೇಳು. ಒಂದ ಹಿಡಿ ಕಾಳಿನ್ಯಾಗ ಹುಳಾ ಇತ್ತಂತ ಕೊಣ್ಣೂರ ಹೆಣ್ಣ ಬ್ಯಾಡ ಅಂದಿ. ಮೂರ ಚೀಲದಾಗ ಹುಳಾ ಕೊಟ್ಟಾವನ ಮಗಳು ಹ್ಯಾಂಗ ಬೇಕಾದ್ಲು?"

"ವೈನಿ, ವ್ಯಾಪಾರ ಬ್ಯಾರೆ, ಬೀಗತನ ಬ್ಯಾರೆ."

"ಎರಡ ತಿಂಗಳ ಹಿಂದ ಎರಡೂ ಒಂದ ಇದ್ವಲ್ಲೋ? ಮನಿತನದ ಮಾತು ಅಂದಿದ್ದಿ. ಆ ಮನಿತನ ಯಾವ ಪ್ಯಾಟ್ಯಾಗ ಮಾರಿದಿ?"

ಕಾಕಾ ಎಲೆಯ ಸಂಚಿ ತೆರೆದರು, ಮುಚ್ಚಿದರು. ಆ ಸದ್ದು ನಾನು ಬಚ್ಚಲಲ್ಲಿ ಕುಳಿತು ಕೇಳಿದೆ. ಪಣತಿ ಒಂದೂ ಒಡೆಯಲಿಲ್ಲ.

ಅದೇ ವಾರ ಹುಳದ ಸಾಹೇಬನ ಪತ್ರವೂ ಬಂತು, ನನ್ನ ಗಂಡನ ಹೆಸರಿಗೆ. ಇವರು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ಎಳೆಗಳನ್ನು ಬಣ್ಣ ಹಾಕಿ ಎಣಿಸಿದ್ದಾಯಿತು, ಎರಡರಲ್ಲಿಯೂ ಎಣಿಕೆ ಒಂದೇ ಬಂತು. ಮೊದಲು ಕುಲ ಒಂದೇ ಎಂದು ತಿಳಿದಿದ್ದೆ, ಆಮೇಲೆ ತಾವು ತಿಳಿಸಿದ ಪ್ರಕಾರ ಇನ್ನೂ ಕೂಡದ ಹುಳಗಳನ್ನು ಅದಲುಬದಲು ಇಟ್ಟು ನೋಡಿದೆ, ತತ್ತಿ ಒಡೆಯಲಿಲ್ಲ. ಎಣಿಕೆ ಸಮ ಬಂದ ಮಾತ್ರಕ್ಕೆ ಕುಲ ಒಂದಾಗುವುದಿಲ್ಲ, ಇವೆರಡೂ ಬೇರೆ ಬೇರೆ ಎಂದು ಬರೆದಿದ್ದ. ನಾನು ಗೂಟಕ್ಕೆ ಗಂಟು ಕಟ್ಟಿದ್ದನ್ನು ಇವರು ಬರೆದು ತಿಳಿಸಿದ್ದರು. ಅದನ್ನೇ ಆತ "ತಮ್ಮ ಪ್ರಯೋಗ" ಎಂದು ಹೊಗಳಿದ್ದ. ನಡುವೆ ಇವರು ಎರಡು ಸಾಲು ನುಂಗಿ ಕೆಮ್ಮಿದರು. ಆಮೇಲೆ ಪತ್ರ ತೆಗೆದು ಓದಿಕೊಂಡೆ. ಗಂಡು ಹುಳದ ಗುಪ್ತಾಂಗದ ಆಕಾರವೂ ಎರಡರಲ್ಲಿ ಬೇರೆ, ಅದೇ ಎಲ್ಲಕ್ಕಿಂತ ಖಾತ್ರಿಯ ಗುರುತು ಎಂದು ಆ ಎರಡು ಸಾಲಿನಲ್ಲಿತ್ತು. ಮೂರು ಮಕ್ಕಳ ತಂದೆಗೆ ಹುಳದ ವಿಷಯಕ್ಕೂ ನಾಚಿಕೆ.

ಗಜೇಂದ್ರಗಡದ ವ್ಯಾಪಾರಿ, ತನ್ನ ಕಡಲೆಗೆ ರೋಣದಲ್ಲಿ ಹೆಸರಿಡುತ್ತಿದ್ದಾರೆಂದು ಕೇಳಿ ತಾನೇ ಮಾತು ಹಿಂದೆ ತೆಗೆದುಕೊಂಡ. ಮರುದಿನ ಕಾಕಾ ಜಳಕ ಮಾಡಿ, ಬೆಳಗ್ಗೆಯೇ ಮಾಡಿ, ಅತ್ತೆಯ ಎದುರು ಕುಳಿತರು.

"ಹುಳದ್ದು ತಿಳೀತಲ್ಲ ವೈನಿ. ಕೊಣ್ಣೂರಿಗೆ ಮತ್ತ ವೀಳ್ಯ ಕಳಸೂಣು. ಹುಡುಗಿ ಚಲೋ ಐತಿ."

ತಪ್ಪಾಯಿತು ಎಂಬ ಒಂದು ಶಬ್ದ ಇಲ್ಲ. ಅಂಗಡಿಯಲ್ಲಿ ಬಿಟ್ಟುಬಂದ ಛತ್ರಿ ತರಲು ಹೇಳುವವನ ಧಾಟಿ. ಅತ್ತೆ ನನ್ನನ್ನು ಕರೆದು, "ನೀನ ಬರಿ ಯವ್ವಾ. ನಿನ್ನ ಮನಸ್ಸಿನಾಗ ಇದ್ದಂಗ ಬರಿ," ಎಂದರು.

ದೇವರ ಕೋಣೆಯಲ್ಲಿ ಕುಳಿತು ಬರೆದೆ. ಎರಡು ತಿಂಗಳು ನಾನು ಹುಳ ಎಣಿಸಿದ್ದು ಈ ಪತ್ರ ಬರೆಯುವ ದಿನ ಬರಲಿ ಎಂದೇ. ತಂಗಿ ಇದೇ ಮನೆಗೆ ಬಂದರೆ ಹೆರಿಗೆಗೆ, ಜಡ್ಡಿಗೆ, ಒಂದು ಮಾತಿಗೆ ನನಗೆ ನನ್ನವಳೊಬ್ಬಳು ಇರುತ್ತಿದ್ದಳು. ಲೇಖನಿ ಹಿಡಿದು ಅವಳಿಗೆ ಮಾವನಾಗುವ ಕಾಕಾ, ಅವನ ಗಾದಿ, ಅವನ ಸಂಚಿ ನೆನೆದೆ. "ಕೊಡ್ರಿ" ಎಂದು ಬರೆಯಲು ಕೈ ಬರಲಿಲ್ಲ. "ಕೊಡಬ್ಯಾಡ್ರಿ" ಎಂದೂ ಬರೆಯಲಿಲ್ಲ. ಅವಳ ಬಾಳು ಅವಳದು. ಕಡಲೆ ಯಾರದು, ಹುಳ ಯಾರದು, ಬೀಜ ಯಾರು ಮಾರಿದರು, ಈಗ ಯಾಕೆ ಕೇಳುತ್ತಿದ್ದಾರೆ, ಎಲ್ಲ ಇದ್ದ ಹಾಗೆ ಬರೆದೆ. ಕೊನೆಗೆ, ತಂಗಿಯನ್ನು ಎದುರು ಕೂಡಿಸಿಕೊಂಡು ಓದಿ ಹೇಳಿ, ಅವಳು ಹೇಳಿದ್ದನ್ನೇ ಬರೆಯಿರಿ ಎಂದೆ.

ಉತ್ತರ ಹನ್ನೆರಡನೆಯ ದಿನ ಬಂತು, ಕಾರ್ಡು. ನಮ್ಮಪ್ಪನ ಅಕ್ಷರ, ತಂಗಿಯ ಮಾತು. ಪಡಸಾಲೆಯಲ್ಲಿ ಕಾಕಾ, ಅತ್ತೆ, ಇವರು ಮೂವರೂ ಇದ್ದರು. ಓದು ಎಂದರು, ಓದಿದೆ.

"ನಾ ಒಲ್ಲೆ. ಆ ಮನಿಯಾಗ ಒಂದ ಖರೇ ಮಾತು ತೋರಿಸಾಕ ಅಕ್ಕಗ ಎರಡ ತಿಂಗಳು, ನಾಕ ಬಾಟ್ಲಿ ಬೇಕಾದ್ವು. ನನ್ನ ಕಡೆ ಅಷ್ಟ ಬಾಟ್ಲಿ ಇಲ್ಲ."

ಕೆಳಗೆ ಅಪ್ಪ ತನ್ನದೊಂದು ಸಾಲು ಸೇರಿಸಿದ್ದ. ನರಗುಂದದಿಂದ ಒಬ್ಬ ಸಾಲಿ ಮಾಸ್ತರರ ಮನೆಯವರು ಬಂದು ನೋಡಿಹೋಗಿದ್ದಾರೆ, ಮುರಿದ ಮಾತನ್ನು ನಾವೇ ಎತ್ತಿ ಹೇಳಿದೆವು, ಕಾಳಿನ ಹುಳಕ್ಕೂ ಹುಡುಗಿಗೂ ಏನು ಸಂಬಂಧ ಎಂದು ನಕ್ಕರು ಎಂದು.

ಕಾಕಾ ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬಂದರು. "ನುಸಿ ಅಂದ್ರ ನುಸಿ. ಅದರಾಗೇನ ಎರಡ ಕುಲ," ಎಂದರು. ಸಾಯುವವರೆಗೂ ಅದನ್ನೇ ಅಂದರು. ಅತ್ತೆ ಮಾತ್ರ ನನ್ನ ಮುಖ ನೋಡದೆ ಮೆಲ್ಲಗೆ, "ಚಲೋ ಆತು ಬಿಡು," ಎಂದರು.

ಚಲೋ ಆಯಿತು. ಒಬ್ಬಳೇ ಉಳಿದೆ, ಆದರೂ ಚಲೋ ಆಯಿತು. ಕಾರ್ಡನ್ನು ಮಡಿಸಿ ಚಾಳೀಸಿನ ಡಬ್ಬಿಯ ಕೆಳಗೆ ಇಟ್ಟೆ. ಬಾಟಲಿಗಳ ಬಾಯಿಯ ಅರಿವೆ ಬಿಚ್ಚಿ, ಉಳಿದ ಹುಳಗಳನ್ನು ಕಾಳು ಸಮೇತ ಬಿಸಿಲಿಗೆ ಚೆಲ್ಲಿದೆ. ಕೋಳಿಗಳು ಕುಲ ಕೇಳದೆ ಹೆಕ್ಕಿದವು. ಅತ್ತೆಗೆ ಹಲ್ಲು ನೋಯುತ್ತಿತ್ತು, ಮಧ್ಯಾಹ್ನದ ರೊಟ್ಟಿ ಹಾಗೆಯೇ ಉಳಿದಿತ್ತು. ಒಳಗೆ ಹೋಗಿ ಅದನ್ನು ಚೂರು ಚೂರು ಮುರಿದು, ಬಿಸಿ ಹಾಲಿನಲ್ಲಿ ನೆನೆಹಾಕಿದೆ.